ಟಿ.ವಿ. ‘ನಾಲ್ಕು ಕೆ’, ಚಿತ್ರ ಮಾತ್ರ ಮಸುಕು!

ಕಲಬುರಗಿ: ಮೊನ್ನೆ ಶನಿವಾರ ಸಂಜೆ ಇಲ್ಲಿನ ಕೇಂದ್ರ ಬಸ್ ನಿಲ್ದಾಣದಲ್ಲಿ ಹುಮನಾಬಾದ್ ಕಡೆ ಹೊರಟಿದ್ದ ಬಸ್ಸಿನ ಬಾಗಿಲಲ್ಲಿ ಸಣ್ಣದೊಂದು ರಂಪ ನಡೆಯಿತು. ರಂಪಕ್ಕೆ ಕಾರಣ ಬಾಗಿಲಗಲದ ಒಂದು ರಟ್ಟಿನ ಪೆಟ್ಟಿಗೆ.

“ಕಾಕಾ, ಇದನ್ನ ಎಲ್ಲಿ ಇಡ್ತೀರಿ? ಸೀಟಿನ ಕೆಳಗ ಮಲಗಿಸ್ರಿ” ಎಂದ ಕಂಡಕ್ಟರು.

“ಮಲಗಿಸಬ್ಯಾಡ ಅಂತ ಅಂಗಡ್ಯಾಗ ಹೇಳ್ಯಾರಪ್ಪ. ಒಳಗ ಗ್ಲಾಸ್ ಒಡೀತದಂತ. ನಿಂದರಿಸ್ಕೊಂಡೇ ಒಯ್ತೀನಿ.”

“ನೀವು ನಿಂದರ್ತೀರೋ, ಅದನ್ನ ನಿಂದರಸ್ತೀರೋ?”

ಬಸ್ಸಿಗೆ ಬಸ್ಸೇ ನಕ್ಕಿತು. ಕೊನೆಗೆ ಲಗೇಜು ಹರಿಸಿಕೊಂಡು ಪೆಟ್ಟಿಗೆ ಒಳಗೆ ಬಂತು. ಕಾಕಾ ಹೇಳಿದ್ದು ಸರಿಯೇ. ತೆಳ್ಳನೆಯ ಎಲ್‌ಇಡಿ ಟಿ.ವಿ.ಯನ್ನು ಮಲಗಿಸಿ ಒಯ್ದರೆ ರಸ್ತೆಯ ಕುಲುಕಾಟಕ್ಕೆ ನಡುವೆ ಬಾಗಿ ಬಿರುಕು ಬಿಡುವ ಭಯವಿರುತ್ತದೆ. ಹೊರಗಿನ ರಟ್ಟಿಗೆ ಏನೂ ಆಗಿರುವುದಿಲ್ಲ, ಒಳಗೆ ಗೆರೆ ಬಿದ್ದಿರುತ್ತದೆ. ಹೀಗಾಗಿ ಒಂದು ತಾಸಿನ ದಾರಿಯುದ್ದಕ್ಕೂ ಅವರು ಹಸುಗೂಸಿನಂತೆ ಅದನ್ನು ತಬ್ಬಿಕೊಂಡೇ ನಿಂತಿದ್ದರು.

ಅವರು ಕಮಲಾಪುರದವರು, ಕೆಂಪು ಬಾಳೆ ಬೆಳೆಯುವವರು. ತಾಯಿಗೆ ಎಂಬತ್ತರ ಹತ್ತಿರ ವಯಸ್ಸು. ಕಣ್ಣಿನ ಆಪರೇಷನ್ ಆಗಿದೆ. “ಅವ್ವಗ ಛಂದ ಕಾಣ್ಲಿ ಅಂತ ದೊಡ್ಡದೇ ತಗೊಂಡೀನ್ರಿ. ನಲವತ್ಮೂರು ಇಂಚು, ನಾಲ್ಕು ಕೆ. ಹನ್ನೆರಡು ಕಂತು” ಎಂದರು. ಇಳಿಯುವಾಗ ನನ್ನ ಫೋನ್ ನಂಬರು ಬರೆದುಕೊಂಡರು.

ಮಂಗಳವಾರ ಫೋನು ಬಂತು. “ಪೇಪರ್ ಸಾಹೇಬ್ರ, ಹಳೇ ಡಬ್ಬಿ ಟಿ.ವಿ.ನೇ ಛಲೋ ಇತ್ರಿ. ಇದರಾಗ ಮಂದಿ ಮಾರಿ ಎಲ್ಲಾ ಕಲಸಿದ ಹಿಟ್ಟಿನಂಗ ಕಾಣ್ತಾವ. ಅಂಗಡಿಯವ ಮೋಸ ಮಾಡ್ಯಾನೋ ಏನೋ, ಬಂದು ನೋಡ್ರಿ.”

ಹೋಗಿ ನೋಡಿದೆ. ಅಂಗಡಿಯವ ಮೋಸ ಮಾಡಿರಲಿಲ್ಲ. ಟಿ.ವಿ.ಯೂ ಕೆಟ್ಟಿರಲಿಲ್ಲ. ಕಂತು ಮಾತ್ರ ಹನ್ನೆರಡೂ ಬಾಕಿ ಇದ್ದವು.

ಒಂದು ಚುಕ್ಕಿಗೆ ಹತ್ತೊಂಬತ್ತು ಸುಳ್ಳು

ಟಿ.ವಿ. ಚಿತ್ರವೆಂದರೆ ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಹಾಕುವ ಚುಕ್ಕಿ ರಂಗೋಲಿ ಇದ್ದಂತೆ. ಚುಕ್ಕಿ ಹೆಚ್ಚಿದಷ್ಟೂ ಕುಸುರಿ ಹೆಚ್ಚು. ಇಂಗ್ಲಿಷಿನಲ್ಲಿ ರೆಸಲ್ಯೂಷನ್ ಅನ್ನುವುದು ಈ ಚುಕ್ಕಿಗಳ ಲೆಕ್ಕವನ್ನೇ. ಹಳೆಯ ಮಾಮೂಲಿ ಚಾನೆಲ್ಲಿನ ಚಿತ್ರದಲ್ಲಿ ಅಡ್ಡ 720, ಉದ್ದ 576, ಒಟ್ಟು ನಾಲ್ಕು ಲಕ್ಷ ಚಿಲ್ಲರೆ ಚುಕ್ಕಿ. ‘ಎಚ್‌ಡಿ ರೆಡಿ’ ಎಂದು ಮಾರುವ 32 ಇಂಚಿನ ಸೆಟ್ಟುಗಳಲ್ಲಿ ಸಾಮಾನ್ಯವಾಗಿ 1366 ಮತ್ತು 768, ಅಂದರೆ ಹತ್ತೂವರೆ ಲಕ್ಷದ ಆಸುಪಾಸು. ‘ಫುಲ್ ಎಚ್‌ಡಿ’ಯಲ್ಲಿ 1920 ಮತ್ತು 1080, ಸುಮಾರು ಇಪ್ಪತ್ತೊಂದು ಲಕ್ಷ. ‘ನಾಲ್ಕು ಕೆ’ಯಲ್ಲಿ 3840 ಮತ್ತು 2160, ಹೆಚ್ಚುಕಡಿಮೆ ಎಂಬತ್ಮೂರು ಲಕ್ಷ.

ಈಗ ಗಂಜಿನ ವ್ಯಾಪಾರಿಗಳ ಹಾಗೆ ಲೆಕ್ಕ ಹಾಕಿ. ಮನೆಗೆ ಬರುವ ಮಾಲು ನಾಲ್ಕು ಲಕ್ಷ ಚುಕ್ಕಿ. ತುಂಬಬೇಕಾದ ಗೋದಾಮು ಎಂಬತ್ಮೂರು ಲಕ್ಷ. ಬಂದ ಒಂದೊಂದು ಚುಕ್ಕಿಯನ್ನೂ ಟಿ.ವಿ. ಇಪ್ಪತ್ತು ಮಾಡಬೇಕು. ಅದರಲ್ಲಿ ಒಂದು ಖರೆ, ಉಳಿದ ಹತ್ತೊಂಬತ್ತು ಅದು ಅಂದಾಜಿನ ಮೇಲೆ ಹುಟ್ಟಿಸಿದ್ದು. ಒಂದು ಸೇರು ಹಾಲಿಗೆ ಹತ್ತೊಂಬತ್ತು ಸೇರು ನೀರು ಬೆರೆಸಿದರೆ ಚಹಾ ಹೇಗಾದೀತು? ಒಳ್ಳೆಯ ಕಂಪನಿಯ ಸೆಟ್ಟು ಈ ನೀರನ್ನು ಸ್ವಲ್ಪ ಜಾಣತನದಿಂದ ಬೆರೆಸುತ್ತದೆ, ಅಷ್ಟೇ. ಹಳೆಯ ಸಣ್ಣ ಡಬ್ಬಿಯಲ್ಲಿ ಅದೇ ಚುಕ್ಕಿಗಳು ಒತ್ತೊತ್ತಾಗಿ ಕೂತಿದ್ದರಿಂದ ಚಿತ್ರ ಚೆನ್ನಾಗಿ ಕಾಣುತ್ತಿತ್ತು. ಕಾಕಾನ ದೂರು ಅಕ್ಷರಶಃ ನಿಜ.

ಆ ಮನೆಯಲ್ಲಿ ಇನ್ನೂ ಒಂದು ತಮಾಷೆ ಇತ್ತು. ಕೇಬಲ್‌ನವನು ಕೊಟ್ಟಿದ್ದ ಸೆಟ್‌ಟಾಪ್ ಬಾಕ್ಸು ಎಚ್‌ಡಿಯದೇ. ಆದರೆ ಅದರಿಂದ ಟಿ.ವಿ.ಗೆ ಎಳೆದಿದ್ದು ಹಳದಿ, ಕೆಂಪು, ಬಿಳಿ ತುದಿಯ ಆ ಹಳೆಯ ಮೂರೆಳೆ ವೈರು. ಆ ಹಳದಿ ತುದಿಯಲ್ಲಿ ಎಚ್‌ಡಿ ಚಿತ್ರ ಹಾಯುವುದೇ ಇಲ್ಲ. ಬೇಕಾದದ್ದು ಚಪ್ಪಟೆ ಬಾಯಿಯ ಎಚ್‌ಡಿಎಂಐ ವೈರು. ಅದು ಬಾಕ್ಸಿನ ಜತೆ ಬಂದಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಬಿಚ್ಚದೆ ಕಪಾಟಿನ ಮೇಲೆ ಕೂತಿತ್ತು. ಚಾನೆಲ್ ಪ್ಯಾಕು ನೋಡಿದರೆ ಅದೂ ಮಾಮೂಲಿಯದೇ. ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣಗಳಿಗೆ ಎಚ್‌ಡಿ ಚಾನೆಲ್ಲು ಬೇರೆಯೇ ಇದೆ, ದುಡ್ಡೂ ಬೇರೆ, ನಂಬರೂ ಬೇರೆ. ಅದನ್ನು ಕೇಳಿ ಹಾಕಿಸಿಕೊಳ್ಳಬೇಕು. ಟಿ.ವಿ. ಎಚ್‌ಡಿ ಆದ ಮಾತ್ರಕ್ಕೆ ಚಾನೆಲ್ಲು ತಾನಾಗಿ ಎಚ್‌ಡಿ ಆಗುವುದಿಲ್ಲ. ಅಂದಹಾಗೆ ನಮ್ಮ ಕನ್ನಡ ಚಾನೆಲ್ಲುಗಳಲ್ಲಿ ಒಂದೂ ನಾಲ್ಕು ಕೆ ಚಿತ್ರ ಕಳಿಸುತ್ತಿಲ್ಲ. ಬಂದರೆ ಎಚ್‌ಡಿ ತನಕ, ಮುಂದಕ್ಕಿಲ್ಲ.

ತಿಂಗಳ ಬಾಡಿಗೆ ಇಲ್ಲದ ಡಿಡಿ ಫ್ರೀ ಡಿಶ್ ಇಟ್ಟುಕೊಂಡವರಿಗೂ ಒಂದು ಮಾತು. ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಬರುವುದು ಮಾಮೂಲಿ ಚಿತ್ರ. ಬಾಕ್ಸಿನ ಬೆನ್ನ ಮೇಲೆ ಎಂಪೆಗ್-4 ಎಂದು ಬರೆದಿದೆಯೇ ನೋಡಿಕೊಳ್ಳಿ. ಬಾಕ್ಸು ಬದಲಿಸುವ ಖರ್ಚು ಟಿ.ವಿ. ಬದಲಿಸುವ ಖರ್ಚಿನ ಮುಂದೆ ಏನೇನೂ ಅಲ್ಲ.

ನಮಗೇ ಪಾಠವೇ?

ಟಿ.ವಿ. ವಿಷಯದಲ್ಲಿ ನಮ್ಮ ಊರಿಗೆ ಬೆಂಗಳೂರಿನವರು ಪಾಠ ಹೇಳಬೇಕಾದ್ದಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದ ‘ಸೈಟ್’ ಪ್ರಯೋಗ ನಡೆಯಿತಲ್ಲ, ಅದರಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಕೋಳಿ ಗೂಡಿಗೆ ಹೊಡೆಯುವಂಥ ತಂತಿ ಜಾಳಿಗೆಯ ಹತ್ತಡಿ ಅಗಲದ ಡಿಶ್ಶು, ಕಪ್ಪು-ಬಿಳುಪಿನ ಒಂದೇ ಸೆಟ್ಟು, ಅದರ ಮುಂದೆ ಇಡೀ ಊರು. 1977ರಲ್ಲಿ ಗುಲಬರ್ಗಾದಲ್ಲೇ ಪ್ರಸಾರ ಕೇಂದ್ರ ಶುರುವಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ! ಹತ್ತಡಿಯ ಆ ಡಿಶ್ಶು ಈಗ ಎರಡಡಿಗೆ ಇಳಿದು ಮಾಳಿಗೆ ಏರಿದೆ. ಪ್ರಸಾರ ಭಾರತಿ 2021ರ ಹೊತ್ತಿಗೆ ಹಳೆಯ ಅನಲಾಗ್ ಟವರುಗಳನ್ನು ಹಂತಹಂತವಾಗಿ ಮುಚ್ಚತೊಡಗಿತು. ಮೀನಿನ ಮುಳ್ಳಿನ ಆಂಟೆನಾ ಇನ್ನೂ ಮಾಳಿಗೆಯ ಮೇಲಿದ್ದರೆ ಬಟ್ಟೆ ಒಣಹಾಕಲು ಬಳಸಬಹುದು.

ದೇಶದಲ್ಲಿ ದೂರದರ್ಶನದ ಎಚ್‌ಡಿ ಪ್ರಸಾರ 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ಆರಂಭವಾಯಿತು. ಅಂದರೆ ಎಚ್‌ಡಿ ಹಳೆಯ ಮಾತೇ. ಇಷ್ಟು ವರ್ಷವಾದರೂ ಹಳದಿ ವೈರು ಮಾತ್ರ ನಮ್ಮ ಮನೆಗಳಿಂದ ಹೋಗಿಲ್ಲ.

ಮಂಚದಿಂದ ಗೋಡೆಗೆ ಎಷ್ಟು?

ಟಿ.ವಿ. ಕೊಳ್ಳಲು ಹೊರಟವರು ಮೊದಲು ಕೈಗೆ ತೆಗೆದುಕೊಳ್ಳಬೇಕಾದದ್ದು ಪಾಕೀಟನ್ನಲ್ಲ, ಟೇಪನ್ನು. ಕಣ್ಣಿಗೂ ಒಂದು ಮಿತಿ ಇದೆ. ಅಂಗಳದ ರಂಗೋಲಿಯ ಚುಕ್ಕಿ ಬಾಗಿಲಲ್ಲಿ ನಿಂತರೆ ಕಾಣುತ್ತದೆ, ರಸ್ತೆಯಿಂದ ನೋಡಿದರೆ ಬರೀ ಗೆರೆ. ಟಿ.ವಿ.ಯೂ ಹಾಗೇ. ಕಣ್ಣು ಚೆನ್ನಾಗಿರುವವರಿಗೆ 32 ಇಂಚಿನ ಎಚ್‌ಡಿ ರೆಡಿ ಸೆಟ್ಟಿನ ಚುಕ್ಕಿಗಳು ಆರಡಿ ದಾಟಿದರೆ ಒಂದರಲ್ಲೊಂದು ಬೆರೆತುಹೋಗುತ್ತವೆ. 43 ಇಂಚಿನ ಫುಲ್ ಎಚ್‌ಡಿಯಲ್ಲಿ ಸುಮಾರು ಐದೂವರೆ ಅಡಿಗೆ, 55 ಇಂಚಿನ ಫುಲ್ ಎಚ್‌ಡಿಯಲ್ಲಿ ಏಳಡಿಗೆ. ಅದಕ್ಕಿಂತ ಹಿಂದೆ ಕೂತವರಿಗೆ ನಾಲ್ಕು ಕೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಕಾಕಾನ ಪಡಸಾಲೆಯಲ್ಲಿ ಟೇಪು ಹಿಡಿದೆ. ಅವ್ವನ ಮಂಚದಿಂದ ಗೋಡೆಗೆ ಹತ್ತಡಿ ನಾಲ್ಕಿಂಚು. ಅಷ್ಟು ದೂರದಿಂದ, ಅದೂ ಆಪರೇಷನ್ ಆದ ಕಣ್ಣಿಗೆ, ಎಂಬತ್ಮೂರು ಲಕ್ಷ ಚುಕ್ಕಿಯ ಕೆಲಸವೇನು? ಅವ್ವಗೆ ಬೇಕಾದದ್ದು ಚುಕ್ಕಿ ಅಲ್ಲ, ಗಾತ್ರ ಮತ್ತು ಬೆಳಕು. ಗಾತ್ರದ ವಿಷಯದಲ್ಲಿ ಮಗ ತಪ್ಪಿಲ್ಲ. ಇನ್ನೊಂದು ಮಾತನ್ನೂ ನ್ಯಾಯವಾಗಿ ಹೇಳಬೇಕು: ಈಗ 43 ಇಂಚು ದಾಟಿದರೆ ಅಂಗಡಿಯಲ್ಲಿ ಸಿಗುವುದೇ ಬಹುಪಾಲು ನಾಲ್ಕು ಕೆ. ಬೆಲೆ ಒಂದೇ ಇದ್ದರೆ ತನ್ನಿ, ಬ್ಯಾಡ ಅನ್ನುವುದಿಲ್ಲ. ಆ ಎರಡಕ್ಷರಕ್ಕೆಂದೇ ಮೇಲೆ ಸಾವಿರಾರು ರೂಪಾಯಿ ಸುರಿಯಬೇಡಿ.

ಇಂಚು ಎಂದರೆ ಮೂಲೆಯಿಂದ ಮೂಲೆಗೆ. 43 ಇಂಚಿನ ಪರದೆ ಅಗಲಕ್ಕೆ 95 ಸೆಂಟಿಮೀಟರು, ಎತ್ತರಕ್ಕೆ 54ರಷ್ಟು. 32 ಇಂಚಿನದು 71 ಮತ್ತು 40. ನಮ್ಮ ಪತ್ರಿಕೆಯ ಹಾಳೆಗಳನ್ನೇ ಆ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ, ಎರಡು ದಿನ ಮಂಚದಲ್ಲಿ ಕೂತು ನೋಡಿ. ಹಾಗೇ ಕೂತಾಗ ಕಣ್ಣಿನ ಮಟ್ಟಕ್ಕೆ ಪರದೆಯ ನಡು ಬರಬೇಕು. ನಮ್ಮಲ್ಲಿ ದೇವರ ಫೋಟೋದ ಎತ್ತರಕ್ಕೆ ಟಿ.ವಿ. ಹೊಡೆದು ಕುತ್ತಿಗೆ ನೋವಿಗೆ ಮುಲಾಮು ಹುಡುಕುವವರು ಬಹಳ.

ಸುಪರ್ ಮಾರ್ಕೆಟ್ಟಿನಲ್ಲಿ ಒಂದು ಮಧ್ಯಾಹ್ನ

ಮರುದಿನ ಸುಪರ್ ಮಾರ್ಕೆಟ್ ಕಡೆ ಅಂಗಡಿಗಳನ್ನು ಸುತ್ತಿದೆ. ಸಾಲಾಗಿ ನಿಂತ ಟಿ.ವಿ.ಗಳಲ್ಲಿ ನವಿಲು, ಜಲಪಾತ, ಹಣ್ಣಿನ ಬುಟ್ಟಿ. ನೋಡಿದರೆ ಎರಡು ತೆಗೆದುಕೊಳ್ಳೋಣ ಅನ್ನಿಸುತ್ತದೆ. ಆ ಚಿತ್ರ ಚಾನೆಲ್ಲಿನದಲ್ಲ. ನಾಲ್ಕು ಕೆಯಲ್ಲೇ ತೆಗೆದು, ಟಿ.ವಿ.ಯ ಒಳಗೆ ತುಂಬಿಟ್ಟಿದ್ದು ಅಥವಾ ಪೆನ್‌ಡ್ರೈವ್ ಹಾಕಿ ಓಡಿಸಿದ್ದು. ಸಾಲದ್ದಕ್ಕೆ ಅಂಗಡಿಯ ದೀಪಗಳ ನಡುವೆ ಎದ್ದು ಕಾಣಲೆಂದು ಬಣ್ಣ, ಬೆಳಕು ಎಲ್ಲಾ ತುದಿಗೇರಿಸಿದ ‘ಸ್ಟೋರ್ ಮೋಡ್’. ಮನೆಗೆ ತಂದ ಮೇಲೆ ‘ಹೋಮ್ ಮೋಡ್’ ಒತ್ತದಿದ್ದರೆ ಕಣ್ಣೂ ಉರಿಯುತ್ತದೆ, ಕರೆಂಟೂ ಉರಿಯುತ್ತದೆ. “ನವಿಲು ಸಾಕು, ಕೇಬಲ್ಲಿನ ಮಾಮೂಲಿ ಚಾನೆಲ್ ಹಚ್ಚಿ ತೋರಿಸ್ರಿ” ಎಂದೆ. ಅಂಗಡಿಯವರು ನಕ್ಕರು.

“ಖರೆ ಹೇಳ್ಲೇನ್ರಿ ಅಣ್ಣಾರ? ಗಿರಾಕಿ ಎರಡೇ ಕೇಳ್ತಾರ, ಎಷ್ಟಿಂಚು, ಎಷ್ಟು ಕಂತು. ಮನ್ಯಾಗ ಯಾವ ಬಾಕ್ಸ್ ಅದ, ಎಷ್ಟು ದೂರ ಕೂಡ್ತೀರಿ ಅಂತ ನಾ ಕೇಳಿದ್ರ, ಇವನಿಗ್ಯಾಕ ಬೇಕು ನಮ್ಮನಿ ಸುದ್ದಿ ಅಂತಾರ.” ಅದೂ ಸುಳ್ಳಲ್ಲ.

ಹಾಗೆಂದು ಎಲ್ಲ ಪೆಟ್ಟಿಗೆಗಳೂ ಸತ್ಯವಂತ ಅಲ್ಲ. ಕೆಲವು ವರ್ಷಗಳ ಹಿಂದೆ ನಾನೇ ‘ಫುಲ್ ಎಚ್‌ಡಿ ಸಪೋರ್ಟ್’ ಎಂಬ ಚೀಟಿ ನೋಡಿ ಒಂದು ಸೆಟ್ಟು ತಂದೆ. ಮನೆಯಲ್ಲಿ ಕನ್ನಡಕ ಹಾಕಿಕೊಂಡು ಪುಸ್ತಿಕೆ ಓದಿದರೆ ಪರದೆ 1366 ಮತ್ತು 768. ‘ಸಪೋರ್ಟ್’ ಎಂದರೆ ಆ ಚಿತ್ರವನ್ನು ಒಳಗೆ ತೆಗೆದುಕೊಳ್ಳುತ್ತದೆ, ಆಮೇಲೆ ತನ್ನ ಯೋಗ್ಯತೆಗೆ ತಕ್ಕಂತೆ ಕುಗ್ಗಿಸಿ ತೋರಿಸುತ್ತದೆ ಎಂದರ್ಥ. ಅಂಗಡಿಯ ಹೆಸರು ಬೇಡ, ಅರ್ಧ ತಪ್ಪು ನನ್ನದೇ. ರೊಕ್ಕ ಎಣಿಸುವ ಮುಂಚೆ ಸೆಟ್ಟಿನ ಬೆನ್ನಲ್ಲಿರುವ ಮಾಡೆಲ್ ನಂಬರನ್ನು ಕಂಪನಿಯ ತಾಣದಲ್ಲಿ ಮೊಬೈಲಿನಲ್ಲೇ ನೋಡಿ. ಅಲ್ಲಿ ಪರದೆಯ ರೆಸಲ್ಯೂಷನ್ ಎಂದು ಏನಿದೆಯೋ ಅದೇ ಪ್ರಮಾಣ.

ತೆರಿಗೆಯ ಸುದ್ದಿ ಮಾತ್ರ ಗಿರಾಕಿಗೆ ಒಳ್ಳೆಯದು. 32 ಇಂಚಿಗಿಂತ ದೊಡ್ಡ ಟಿ.ವಿ. ಮೇಲೆ 28 ಪ್ರತಿಶತ ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ 25,000 ರೂಪಾಯಿ ಇದ್ದ ಸೆಟ್ಟು ಮೊದಲು 32,000 ಆಗುತ್ತಿತ್ತು, ಈಗ 29,500. ಬಿಲ್ಲು ಕೇಳಿ ಪಡೆಯಿರಿ. ವಾರಂಟಿಗೂ ಅದೇ ಆಧಾರ.

ಹಾಗಾದರೆ ನಾಲ್ಕು ಕೆ ಯಾರಿಗೆ? ಮನೆಗೆ ಫೈಬರ್ ಇಂಟರ್ನೆಟ್ ಇದ್ದವರಿಗೆ. ನೆಟ್‌ಫ್ಲಿಕ್ಸ್‌ನವರ ಲೆಕ್ಕದಲ್ಲೇ ನಾಲ್ಕು ಕೆಗೆ 15 ಎಂಬಿಪಿಎಸ್ ವೇಗ ಬೇಕು, ತಾಸಿಗೆ 7 ಜಿಬಿಯವರೆಗೆ ಖರ್ಚು. ಕಮಲಾಪುರದ ಕಾಕಾನ ಮಗ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚುತ್ತಾನೆ, ದಿನಕ್ಕೆ 2 ಜಿಬಿ. ಹದಿನೇಳು ನಿಮಿಷಕ್ಕೆ ಖಾಲಿ. ಹೀರೋ ಪರಿಚಯ ಆಗುವಷ್ಟರಲ್ಲಿ ಡೇಟಾ ಮುಗಿದಿರುತ್ತದೆ.

ಬೇಸಿಗೆಯ ಕೊನೆಗೆ ನಮ್ಮ ಕಡೆ ಗುಡುಗು ಸಿಡಿಲು ಗೊತ್ತಿದ್ದದ್ದೇ. ಮೋಡ ಕಟ್ಟಿದ ಕೂಡಲೇ ಕರೆಂಟಿನ ಪ್ಲಗ್ ಜತೆಗೆ ಡಿಶ್ಶಿನಿಂದ ಬಾಕ್ಸಿಗೆ ಬರುವ ವೈರನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ಆ ದಾರಿಯಿಂದಲೂ ಬರುತ್ತದೆ. ಸ್ಟೆಬಿಲೈಜರ್ ಅದನ್ನು ತಡೆಯುವುದಿಲ್ಲ.

ಅವ್ವನ ತೀರ್ಪು

ಗುರುವಾರ ಮತ್ತೆ ಕಮಲಾಪುರಕ್ಕೆ ಹೋದೆ. ಕಪಾಟಿನ ಮೇಲಿದ್ದ ಎಚ್‌ಡಿಎಂಐ ವೈರು ಹಾಕಿದ್ದಾಯಿತು. ಕೇಬಲ್‌ನವನಿಗೆ ಹೇಳಿ ಅವ್ವ ನೋಡುವ ಎರಡೇ ಎರಡು ಚಾನೆಲ್ಲಿಗೆ ಎಚ್‌ಡಿ ಹಾಕಿಸಿದ್ದರು. ಬಾಕ್ಸಿನ ಸೆಟ್ಟಿಂಗಿನಲ್ಲಿ 576 ಎಂದಿದ್ದನ್ನು 1080 ಮಾಡಿದೆವು. ಧಾರಾವಾಹಿ ಬಂತು. ಸೊಸೆಯ ಸೀರೆಯ ಅಂಚು, ಅತ್ತೆಯ ಮೂಗುತಿ, ಹಿಂದಿನ ಗೋಡೆಯ ಗಡಿಯಾರ, ಎಲ್ಲಾ ಸ್ಪಷ್ಟ. ಕಾಕಾನ ಮುಖ ಅರಳಿತು.

“ಅವ್ವಾ, ಈಗ ಛಂದ ಕಾಣ್ತದಿಲ್ಲ?”

ಮುದುಕಿ ಸ್ವಲ್ಪ ಹೊತ್ತು ನೋಡಿದಳು.

“ಕಾಣ್ತದಪ್ಪ. ಏನಂತಾರ ಅಂತ ಕೇಳ್ಸಂಗಿಲ್ಲ.”

ಅದೂ ನಿಜ. ತೆಳ್ಳಗಿನ ಟಿ.ವಿ.ಗಳಲ್ಲಿ ಸ್ಪೀಕರಿಗೆ ಜಾಗ ಎಲ್ಲಿದೆ? ಬೆನ್ನಿಗೋ ಬುಡಕ್ಕೋ ಸಣ್ಣದೊಂದನ್ನು ಅಂಟಿಸಿರುತ್ತಾರೆ, ದನಿ ಗೋಡೆಗೆ ಹೋಗಿ ಬಡಿಯುತ್ತದೆ. ಸೌಂಡ್‌ಬಾರೋ ಹಳೆಯ ಹೋಮ್ ಥಿಯೇಟರೋ ಜೋಡಿಸಿದರೆ ಸರಿಹೋದೀತು ಎಂದು ಕಾಕಾನಿಗೆ ವಿವರಿಸುತ್ತಿದ್ದೆ. ಅಷ್ಟರಲ್ಲಿ ಅವ್ವ ಮೂಲೆಗೆ ಬೆರಳು ತೋರಿಸಿದಳು. ಅಲ್ಲಿ ಹಳೇ ಡಬ್ಬಿ ಟಿ.ವಿ. ಟವೆಲ್ ಹೊದ್ದು ಕೂತಿತ್ತು.

“ಅದರ ಆವಾಜ್ ಛಲೋ ಬರ್ತಿತ್ತು ತಮ್ಮಾ. ಅದನ್ನೂ ಹಚ್ಚು, ನೋಡೂದು ಇದರಾಗ ನೋಡ್ತೀನಿ.”