50 ವಾಟಿನ ಊರು

ಹಳೆಯ ಕಾಲದ ಟ್ಯೂಬ್‌ಲೈಟ್ 40 ವಾಟ್ ಕರೆಂಟು ತಿನ್ನುತ್ತಿತ್ತು. ಅದಕ್ಕಿಂತ ಕಡಿಮೆ, ಬರೀ 30 ವಾಟ್ ಶಕ್ತಿಯ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರನ್ನು ಕಟ್ಟಿಕೊಂಡು ಬೆಳೆದದ್ದು ಆ ಪುಟ್ಟ ಕೇಂದ್ರ. ದೇಶದ ರೇಡಿಯೊ ಆ ಹೆಸರನ್ನು ಎತ್ತಿಕೊಂಡದ್ದು ಎರಡು ದಶಕ ಕಳೆದ ಮೇಲೆ. ಕನ್ನಡದ ರೇಡಿಯೊ ಹುಟ್ಟಿದ್ದೇ ಬಡಕಲು ಸಿಗ್ನಲ್‌ನಲ್ಲಿ ಎಂದರೆ ತಪ್ಪಾಗದು.

ಅದು ನೆನಪಾದದ್ದು ಚಾರ್ಮಾಡಿ ಘಾಟಿಯಲ್ಲಿ. ಕೊಟ್ಟಿಗೆಹಾರದಲ್ಲಿ ಚಹಾ ಕುಡಿದು ಗಾಡಿ ಹತ್ತಿದಾಗ ಹಾಸನದ ಎಫ್‌ಎಂ 102.2 ಮಸುಕು ಮಸುಕಾಗಿ ಬರುತ್ತಿತ್ತು. ಇಳಿಯಲು ಶುರುಮಾಡಿದ್ದೇ ತಡ, ಅದು ಬೆಟ್ಟದ ಹಿಂದೆ ಉಳಿಯಿತು. ಮಂಗಳೂರಿನ 100.3 ಹುಡುಕಿದರೆ ಒಂದು ತಿರುವಿನಲ್ಲಿ ಹಾಡಿನ ಪಲ್ಲವಿ, ಮೂರನೇ ತಿರುವಿನಲ್ಲಿ ಚರಣ, ನಡುವೆಲ್ಲ ಬಾಣಲೆಗೆ ಹಪ್ಪಳ ಬಿಟ್ಟ ಸದ್ದು. ಡ್ರೈವರ್ ಎರಡು ಸಲ ಡ್ಯಾಶ್‌ಬೋರ್ಡಿಗೆ ಗುದ್ದಿ ನೋಡಿದ. ಪಾಪ, ಪೆಟ್ಟಿಗೆಯದೇನೂ ತಪ್ಪಿರಲಿಲ್ಲ.

ಎಫ್‌ಎಂ ಅಲೆಗೆ ಬಾಗಿ ನಡೆಯುವ ಅಭ್ಯಾಸವಿಲ್ಲ. ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್ 765 ಕಿಲೋಹರ್ಟ್ಸ್‌ನದು. ಅದರ ಒಂದೊಂದು ಅಲೆಯೂ ಸುಮಾರು 392 ಮೀಟರ್ ಉದ್ದ. ಅಷ್ಟುದ್ದದ ಅಲೆ ಗುಡ್ಡವನ್ನು ಬಳಸಿಕೊಂಡು, ನೆಲವನ್ನು ತಬ್ಬಿಕೊಂಡು ಜಿಲ್ಲೆಗಳನ್ನು ದಾಟುತ್ತದೆ. ಎಫ್‌ಎಂ ಅಲೆ ಬರೀ ಮೂರು ಮೀಟರಿನದು. ಸುಮಾರಾಗಿ ಬೆಳಕಿನ ಹಾಗೆಯೇ ನೇರ ಹೋಗುತ್ತದೆ, ಎದುರಿಗೆ ಬೆಟ್ಟ ಬಂದರೆ ಹಿಂದೆ ನೆರಳು ಬೀಳುತ್ತದೆ. ಕಣಿವೆಯ ಮನೆಗೆ ಕೇಂದ್ರ ಹತ್ತೇ ಕಿಲೋಮೀಟರ್ ದೂರವಿದ್ದರೂ ಸದ್ದಿಲ್ಲ. ಇಪ್ಪತ್ತು ಕಿಲೋಮೀಟರ್ ಆಚೆ ದಿಬ್ಬದ ಮೇಲಿನ ಮನೆಗೆ ಗಂಟೆ ಹೊಡೆದ ಹಾಗೆ ಕೇಳುತ್ತದೆ. ಹಾಗಾಗಿ ಮಲೆನಾಡಿನಲ್ಲಿ ರೇಡಿಯೊ ನಡೆಸುವವರು ವಾಟ್ ಕೇಳುವುದಕ್ಕಿಂತ ಮೊದಲು ಎತ್ತರ ಕೇಳುತ್ತಾರೆ.

ಇನ್ನು ನಮ್ಮ ಊರುಗಳ ಸಮುದಾಯ ಬಾನುಲಿಗಳಿಗೆ ವಾಟೂ ಇಲ್ಲ, ಎತ್ತರವೂ ಇಲ್ಲ. ‘ಗಾಳಿಯಲ್ಲಿ ಹರಿಯುವ ಅಲೆಗಳು ಸಾರ್ವಜನಿಕರ ಸ್ವತ್ತು’ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಸಂಘ ಸಂಸ್ಥೆಗಳಿಗೆ ರೇಡಿಯೊ ನಡೆಸಲು ಅನುಮತಿ ಸಿಕ್ಕಿದ್ದು 2006ರಲ್ಲಿ. ಆ ಸ್ವತ್ತಿನಲ್ಲಿ ಅವರ ಪಾಲಿಗೆ ಬಂದದ್ದು ಸಾಮಾನ್ಯವಾಗಿ 50 ವಾಟಿನ ಟ್ರಾನ್ಸ್‌ಮಿಟರ್, ಹೆಚ್ಚೆಂದರೆ 30 ಮೀಟರ್ ಎತ್ತರದ ಕಂಬ. ಬಯಲು ನೆಲವಾದರೆ ಹತ್ತು ಹದಿನೈದು ಕಿಲೋಮೀಟರ್ ಚೆನ್ನಾಗಿ ಕೇಳುತ್ತದೆ. 30 ಮೀಟರ್ ಕಂಬದ ತುದಿಯಿಂದ ಹೊರಟ ಅಲೆಗೆ ಇಪ್ಪತ್ತೆರಡು ಕಿಲೋಮೀಟರಿನ ಸುಮಾರಿಗೆ ಭೂಮಿಯೇ ಬಾಗಿ ಅಡ್ಡ ಬರುತ್ತದೆ. ಅಲ್ಲಿಗೆ ಊರು ಮುಗಿಯಿತು.

ಅಂಥ ಒಂದು ಕೇಂದ್ರಕ್ಕೆ ಮಳೆಗಾಲದಲ್ಲಿ ಹೋಗಿದ್ದೆ. ಹೆಸರು ಬೇಡ, ಕಾಲೇಜಿನ ತಾರಸಿಯ ಕೋಣೆ. ಒಳಗೋಡೆಗೆ ಮೊಟ್ಟೆಯ ಟ್ರೇಗಳು, ಅದರ ಮೇಲೆ ಗೋಣಿ ಬಟ್ಟೆ. ಟ್ರಾನ್ಸ್‌ಮಿಟರ್ ಎಂದರೆ ಹಳೆಯ ವಿಸಿಆರ್‌ನಷ್ಟು ದೊಡ್ಡ ಪೆಟ್ಟಿಗೆ, ಮುಂದೆ ಎರಡು ಅಂಕಿ. ಕೋಣೆ ನೋಡಿಕೊಳ್ಳುವ ಹುಡುಗ ಆ ಅಂಕಿಗಳನ್ನೇ ದಿಟ್ಟಿಸುತ್ತಿದ್ದ.

“ಮೇಲಕ್ಕೆ ಹೋಗ್ತಾ ಇರೋದು ಸರಿಯಾಗೇ ಇದೆ ಸಾರ್. ವಾಪಸ್ ಬರ್ತಾ ಇರೋದು ಜಾಸ್ತಿ ಆಗಿದೆ. ಕನೆಕ್ಟರಿಗೆ ನೀರು ಇಳಿದಿರಬೇಕು.”

ಟ್ರಾನ್ಸ್‌ಮಿಟರಿನಿಂದ ಆಂಟೆನಾಕ್ಕೆ ಹೋಗುವ ಕೇಬಲ್ಲಿನ ಸಂದಿಗೆ ಒಂದಿಷ್ಟು ನೀರು ಸೇರಿದರೆ ಸಾಕು, ಕಳಿಸಿದ ಶಕ್ತಿಯ ಒಂದು ಪಾಲು ಆಂಟೆನಾ ಮುಟ್ಟದೆ ಹಿಂದಿರುಗುತ್ತದೆ. ಅದು ಮಿತಿ ಮೀರಿದರೆ ಪೆಟ್ಟಿಗೆ ತನ್ನನ್ನು ತಾನು ಕಾಪಾಡಿಕೊಳ್ಳಲು ಶಕ್ತಿ ತಗ್ಗಿಸಿಬಿಡುತ್ತದೆ. ಆಗ ಎಲ್ಲರಿಗಿಂತ ಮೊದಲು ಗಡಿಯಂಚಿನ ಹಳ್ಳಿಯವರಿಗೆ ಗೊತ್ತಾಗುತ್ತದೆ. ಹುಡುಗ ಅಂಕಿ ನೋಡಿ ಎಚ್ಚೆತ್ತವನಲ್ಲ. ಹದಿಮೂರು ಕಿಲೋಮೀಟರ್ ದೂರದ ಹಳ್ಳಿಯ ಅಜ್ಜಿಯೊಬ್ಬರು ಬೆಳಿಗ್ಗೆಯೇ ಫೋನ್ ಮಾಡಿ, “ಯಾಕಪ್ಪಾ, ಇವತ್ತು ಶೀತ ಆಗಿದೆಯಾ ನಿಮಗೆ?” ಎಂದು ಕೇಳಿದ್ದರಂತೆ. ಅವನು ಎಂ-ಸೀಲ್, ರಬ್ಬರ್ ಟೇಪ್ ಜೇಬಿಗೆ ಹಾಕಿಕೊಂಡು ಮಳೆ ನಿಲ್ಲುವುದನ್ನೇ ಕಾಯುತ್ತಿದ್ದ.

ಅದೇ ಕೇಂದ್ರದಲ್ಲಿ ನಾನು ಕಲಿತ ಇನ್ನೊಂದು ಪಾಠ ಸ್ಟೀರಿಯೊದ್ದು. ಎಡ ಬಲ ಎಂದು ಎರಡು ಸದ್ದು ಒಟ್ಟಿಗೆ ಕಳಿಸುವ ಎಫ್‌ಎಂ ವಿಧಾನ ಸೊಗಸಾದದ್ದು, ಆದರೆ ದುಬಾರಿ. ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವನ್ನು ಮೇಲಿನ ಒಂದು ಉಪವಾಹಕದ ಮೇಲೆ ಹೊರಿಸಿ ಕಳಿಸಬೇಕು. ಗೊರಗೊರ ಸದ್ದು ಸೇರಿಕೊಳ್ಳುವುದು ಆ ಮೇಲಿನ ಜಾಗದಲ್ಲೇ ಹೆಚ್ಚು. ಲೆಕ್ಕ ಹಾಕಿದರೆ, ಮೋನೊದಲ್ಲಿ ಕೇಳಿಸುವಷ್ಟೇ ಶುದ್ಧವಾಗಿ ಸ್ಟೀರಿಯೊ ಕೇಳಿಸಬೇಕಾದರೆ ಸಿಗ್ನಲ್ ನೂರು ಪಟ್ಟಿಗೂ ಹೆಚ್ಚು ಬಲವಾಗಿರಬೇಕು. 50 ವಾಟಿನವನು ಸ್ಟೀರಿಯೊ ಹಚ್ಚುವುದು ಗಂಜಿಗೆ ತುಪ್ಪ ಸಾಲದವನು ಹೋಳಿಗೆಗೆ ಊರು ಕರೆದ ಹಾಗೆ. ಪೇಟೆಯ ಮಧ್ಯೆ ಚೆನ್ನ, ಅಂಚಿನ ಹಳ್ಳಿಗಳಲ್ಲಿ ಬರೀ ಕರಕರ. ಮೋನೊಗೆ ಇಳಿದರೆ ಅದೇ ಪೆಟ್ಟಿಗೆ, ಅದೇ ಕಂಬ ಇನ್ನೂ ನಾಲ್ಕು ಹಳ್ಳಿಗೆ ಮಾತು ಮುಟ್ಟಿಸುತ್ತವೆ.

ಮಾತು ಎಂದೆ, ಹಾಡು ಎನ್ನಲಿಲ್ಲ. ಮನುಷ್ಯನ ಮಾತು ಗಟ್ಟಿ ಪದಾರ್ಥ. ಫೋನಿನ ಸಣ್ಣ ಕೊಳವೆಯಲ್ಲೂ ತೂರಿಕೊಂಡು ಬರುತ್ತದೆ, ಗದ್ದಲದ ನಡುವೆಯೂ ಅರ್ಥ ಬಿಟ್ಟುಕೊಡುವುದಿಲ್ಲ. ಪಿಟೀಲು ಹಾಗಲ್ಲ. ‘ನಾಳೆ ಸಂತೆಗೆ ಪಶುವೈದ್ಯರು ಬರುತ್ತಾರೆ’ ಎಂಬುದು ಅರ್ಧ ಕರಕರದಲ್ಲಿ ಕೇಳಿದರೂ ದನ ಹೊಡೆದುಕೊಂಡು ಹೋಗಲು ಅಡ್ಡಿಯಿಲ್ಲ. ಆಲಾಪನೆಯನ್ನು ಹಾಗೆ ಕೇಳಲಾಗದು. ಸಿನಿಮಾ ಹಾಡಿಗಾದರೋ ಹಕ್ಕುದಾರರಿಗೆ ದುಡ್ಡೂ ಕಟ್ಟಬೇಕು. ಹೀಗೆ ಸಣ್ಣ ಕೇಂದ್ರಕ್ಕೆ ಅದರ ದೌರ್ಬಲ್ಯವೇ ದಾರಿ ತೋರಿಸುತ್ತದೆ: ಮಾತಾಡು, ಊರಿನವರನ್ನು ಮಾತಾಡಿಸು, ಸೋಬಾನೆ ಹಾಡುವವರನ್ನು ಕರೆದು ಕೂರಿಸು.

ಈ ದಾರಿ ಹಿಡಿದವರು ಉಳಿದಿದ್ದಾರೆ. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ರೇಡಿಯೊ ಸಾರಂಗ್ 107.8ರಲ್ಲಿ, ಅಂದರೆ ಮುಳ್ಳಿನ ಕಟ್ಟಕಡೆಯ ತುದಿಯಲ್ಲಿದೆ. ಆದರೂ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲ ಅಲ್ಲಿ ಸಿಗುತ್ತವೆ. ಇಡೀ ರಾಜ್ಯಕ್ಕೆ ಪ್ರಸಾರ ಮಾಡುವವನಿಗೆ ಬ್ಯಾರಿ ಕಾರ್ಯಕ್ರಮ ದುಬಾರಿಯಾಗಿ ಕಂಡೀತು, ಹದಿನೈದು ಕಿಲೋಮೀಟರಿಗೆ ಮಾಡುವವನಿಗೆ ಅದು ಪಕ್ಕದ ಬೀದಿ. ಎಚ್.ಡಿ. ಕೋಟೆ ಸೀಮೆಯ ಸರಗೂರಿನ ‘ಜನಧ್ವನಿ’ ಕಾಡಂಚಿನ ಜನರ ಜೊತೆ ಅವರದೇ ಧಾಟಿಯಲ್ಲಿ ಮಾತಾಡುತ್ತದೆ. ಮಡಿಕೇರಿ ಆಕಾಶವಾಣಿಯದು ದೊಡ್ಡ ಟ್ರಾನ್ಸ್‌ಮಿಟರ್. ಆದರೂ ಅಲ್ಲಿ ಕೊಡವ ಭಾಷೆ, ಅರೆಭಾಷೆಗಳಿಗೆ ಸಮಯ ಸಿಕ್ಕಿದೆ.

ದುರ್ಬಲವಾಗಿರುವುದಕ್ಕೆ ಇನ್ನೊಂದು ಲಾಭವಿದೆ. ಒಂದೇ ಕಂಪನಾಂಕದಲ್ಲಿ ಎರಡು ಕೇಂದ್ರಗಳು ಬಂದರೆ ಎಫ್‌ಎಂ ರೇಡಿಯೊ ಬಲವಾದದ್ದನ್ನು ಹಿಡಿದು ಇನ್ನೊಂದನ್ನು ನುಂಗಿಬಿಡುತ್ತದೆ. ದೊಡ್ಡವರಿಗೆ ಆ ಕಾರಣಕ್ಕೇ ಬೇರೆ ಬೇರೆ ಕಂಪನಾಂಕ ಬೇಕು. ಸಣ್ಣವರು ಒಂದೇ ಸಂಖ್ಯೆ ಹಂಚಿಕೊಂಡು ಬದುಕುತ್ತಾರೆ. ಬೆಂಗಳೂರಿನ ರೇಡಿಯೊ ಆ್ಯಕ್ಟಿವ್ 90.4, ರೇಡಿಯೊ ಮಣಿಪಾಲ್ 90.4, ಬೆಳಗಾವಿಯ ವೇಣುಧ್ವನಿಯೂ 90.4. ಒಬ್ಬರ ಸದ್ದು ಇನ್ನೊಬ್ಬರ ಅಂಗಳ ಮುಟ್ಟುವುದಿಲ್ಲ, ಆದ್ದರಿಂದ ಜಗಳವೂ ಇಲ್ಲ.

ಸಿಗ್ನಲ್ ಇಲ್ಲವೇ ಇಲ್ಲ ಎನ್ನುವಾಗಲೂ ರೇಡಿಯೊ ನಡೆಸಿದವರಿದ್ದಾರೆ. ಹೈದರ್ ಅಲಿ ಹುಟ್ಟಿದ ಊರಾದ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಶುರುವಾದದ್ದು ಎರಡು ಸಾವಿರದ ದಶಕದ ಆರಂಭದಲ್ಲಿ. ಆಗಿನ್ನೂ ಹಳ್ಳಿಯವರಿಗೆ ಪ್ರಸಾರದ ಅನುಮತಿ ಇರಲಿಲ್ಲ. ವಾಯ್ಸಸ್, ಮೈರಾಡ ಸಂಸ್ಥೆಗಳು ಮತ್ತು ಯುನೆಸ್ಕೊ ಬೆಂಬಲದಿಂದ ಹಳ್ಳಿಯ ಹೆಂಗಸರು ಕಾರ್ಯಕ್ರಮ ಧ್ವನಿಮುದ್ರಿಸಿ ಧ್ವನಿವರ್ಧಕದಲ್ಲಿ ಕೇಳಿಸಿದರು, ಆಮೇಲೆ ಟಿ.ವಿ. ಕೇಬಲ್ಲಿನಲ್ಲಿ ಮನೆಮನೆಗೆ ಹರಿಸಿದರು. ಸೊನ್ನೆ ವಾಟಿನ ಆ ಕೇಂದ್ರದಲ್ಲಿ ನೀರಿನ ತೊಂದರೆ, ಸ್ವಸಹಾಯ ಸಂಘದ ಲೆಕ್ಕ, ಮಕ್ಕಳ ಹಾಡು ಎಲ್ಲವೂ ಇದ್ದವು.

ಇದಕ್ಕೆ ತದ್ವಿರುದ್ಧದ ಕತೆ ಇನ್ನೂ ಹಳೆಯದು. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಅವು ಹೆಚ್ಚು ಕಡಿಮೆ ನಿಂತೇ ಹೋದವು. ಕೇಳುಗರು ಸುಮ್ಮನಾದರೇ? ಮುಳ್ಳನ್ನು ಶಾರ್ಟ್‌ವೇವ್‌ಗೆ ತಿರುಗಿಸಿ ಸಮುದ್ರದಾಚೆಯ ರೇಡಿಯೊ ಸಿಲೋನ್ ಹಿಡಿದರು. ಸಿಲೋನಿನ ಸದ್ದು ಉಬ್ಬುತ್ತಿತ್ತು, ಇಳಿಯುತ್ತಿತ್ತು, ಒಮ್ಮೊಮ್ಮೆ ಪಲ್ಲವಿಯ ಹೊತ್ತಿಗೆ ಸರಿಯಾಗಿ ಮಾಯವಾಗುತ್ತಿತ್ತು. ಪಕ್ಕದಲ್ಲೇ ಸ್ಫಟಿಕದಂತೆ ಕೇಳುವ ಆಕಾಶವಾಣಿ ಇತ್ತು. ಗೆದ್ದದ್ದು ಸಿಲೋನ್. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟುವುದಕ್ಕೆ ಆ ಸೋಲೇ ಮುಖ್ಯ ಕಾರಣ. ಬೇಕಾದದ್ದು ಸಿಗುವುದಾದರೆ ಜನ ಗೊರಗೊರವನ್ನೂ ಸಹಿಸುತ್ತಾರೆ. ಬೇಡದ್ದನ್ನು ಎಷ್ಟು ವಾಟಿನಲ್ಲಿ ಕೊಟ್ಟರೂ ಕಿವಿ ತಿರುಗಿಸುವುದಿಲ್ಲ.

ಬೆಂಗಳೂರಿನ ಖಾಸಗಿ ಎಫ್‌ಎಂಗಳೂ ಈ ಪಾಠ ಕಲಿತದ್ದು ತಡವಾಗಿಯೇ. ದೇಶದ ಮೊದಲ ಖಾಸಗಿ ಎಫ್‌ಎಂ, 91.1ರ ರೇಡಿಯೊ ಸಿಟಿ, 2001ರ ಜುಲೈ 3ರಂದು ಶುರುವಾದದ್ದು ಇಲ್ಲೇ. ಮೊದಲ ವರ್ಷಗಳಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದೇ ಕಾರುಬಾರು, ಕನ್ನಡಕ್ಕೆ ಊಟದ ಎಲೆಯ ಉಪ್ಪಿನಕಾಯಿಯಷ್ಟು ಜಾಗ. 2006ರಲ್ಲಿ ಹೊಸ ಕೇಂದ್ರಗಳು ಬಂದವು, ಆ ವರ್ಷದ ಕೊನೆಗೆ ‘ಮುಂಗಾರು ಮಳೆ’ಯೂ ಬಂತು. ಆಟೊದಲ್ಲಿ, ಅಂಗಡಿಯಲ್ಲಿ ಯಾವ ಹಾಡು ಕೇಳುತ್ತಿದ್ದಾರೆ ಎಂಬುದು ಜಾಹೀರಾತು ಕೊಡುವವರಿಗೂ ಗೊತ್ತಾಯಿತು. 98.3ರ ರೇಡಿಯೊ ಮಿರ್ಚಿ ‘ಸಖತ್ ಹಾಟ್ ಮಗಾ’ ಎಂದು ಊರಿನ ಬಾಯಲ್ಲಿ ಮಾತಾಡಿತು. ಸಿಗ್ನಲ್ ವಿಷಯದಲ್ಲಿ ಇವರೆಲ್ಲ ಹೆಚ್ಚು ಕಡಿಮೆ ಸಮಬಲರು. ಹಾಗಾಗಿ ಅಲ್ಲಿ ನಡೆದದ್ದೆಲ್ಲ ‘ಫಾರ್ಮ್ಯಾಟ್’ ಎಂದು ಅವರು ಕರೆಯುವ ಆಯ್ಕೆಯ ಆಟ. ಇಷ್ಟಾಗಿಯೂ ನನ್ನದೊಂದು ತಕರಾರಿದೆ. ಕನ್ನಡಕ್ಕೆ ಬಂದರು ಸರಿ, ಆದರೆ ಎಲ್ಲರೂ ಅದೇ ಇಪ್ಪತ್ತು ಮೂವತ್ತು ಹಾಡಿಗೆ ಬಂದು ನಿಂತರು.

ಸಣ್ಣ ಟ್ರಾನ್ಸ್‌ಮಿಟರ್ ಇದ್ದ ಮಾತ್ರಕ್ಕೆ ಕೇಂದ್ರ ಸ್ಥಳೀಯವಾಗುವುದಿಲ್ಲ ಎಂಬುದಕ್ಕೆ ಸಾಕ್ಷಿ ಬೇಕೇ? 2023ರ ಏಪ್ರಿಲ್‌ನಲ್ಲಿ ಆಕಾಶವಾಣಿ ದೇಶದ 91 ಕಡೆ 100 ವಾಟಿನ ಎಫ್‌ಎಂ ಟ್ರಾನ್ಸ್‌ಮಿಟರ್‌ಗಳನ್ನು ಒಮ್ಮೆಗೇ ಚಾಲೂ ಮಾಡಿತು. ರೇಡಿಯೊ ತಲುಪದ ಊರಿಗೆ ಅದು ತಲುಪಿತು, ಒಳ್ಳೆಯದೇ. ಆದರೆ ಅವು ಬೇರೆ ಕೇಂದ್ರದ ಕಾರ್ಯಕ್ರಮವನ್ನು ದಾಟಿಸುವ ಮರುಪ್ರಸಾರದ ಪೆಟ್ಟಿಗೆಗಳು. ಅಲ್ಲಿ ಸ್ಟುಡಿಯೊ ಇಲ್ಲ, ಅಜ್ಜಿ ಫೋನ್ ಮಾಡಲು ಹುಡುಗನಿಲ್ಲ. ನನ್ನ ಪ್ರಕಾರ, ಊರಿನವರೇ ಮಾತಾಡುವ 50 ವಾಟ್ ಈ 100 ವಾಟಿಗಿಂತ ದೊಡ್ಡದು.

ಹಾಗೆಂದು 50 ವಾಟಿನವರ ಬಾಳು ಹಸನಾಗಿದೆ ಎಂದಲ್ಲ. ಸುದ್ದಿ ತಾವೇ ಮಾಡುವಂತಿಲ್ಲ. ಗಂಟೆಗೆ 5 ನಿಮಿಷ ಇದ್ದ ಜಾಹೀರಾತಿನ ಮಿತಿ ಮೊದಲು 7ಕ್ಕೆ, 2024ರಲ್ಲಿ 12ಕ್ಕೆ ಏರಿದೆ. ಆದರೆ ಹದಿನೈದು ಕಿಲೋಮೀಟರಿನೊಳಗೆ ಜಾಹೀರಾತು ಕೊಡುವ ಅಂಗಡಿಗಳೇ ಎಷ್ಟು? ಕೇಳುಗರ ಎಣಿಕೆ ತೋರಿಸಿ ಎನ್ನುತ್ತಾರೆ ದೊಡ್ಡ ಕಂಪನಿಯವರು. ರೇಡಿಯೊ ಕೇಳುಗರ ಅಳತೆಯ ಸಮೀಕ್ಷೆ ನಡೆದದ್ದು ಬೆಂಗಳೂರು ಸೇರಿ ನಾಲ್ಕು ಮಹಾನಗರಗಳಲ್ಲಿ. ಸರಗೂರಿಗೆ ಯಾರು ಎಣಿಸಲು ಬರುತ್ತಾರೆ?

ಕೇಳುವ ಯಂತ್ರವೂ ಕೈಕೊಡುತ್ತಿದೆ. ಮೊಬೈಲಿನಲ್ಲಿ ಎಫ್‌ಎಂ ಕೇಳುವಾಗ ಇಯರ್‌ಫೋನಿನ ವೈರೇ ಆಂಟೆನಾ. ಮೂರು ಮೀಟರ್ ಅಲೆಯ ಕಾಲು ಭಾಗ ಮುಕ್ಕಾಲು ಮೀಟರ್, ಆ ವೈರು ಸಾಮಾನ್ಯವಾಗಿ ಅದಕ್ಕಿಂತ ಉದ್ದವೇ ಇರುತ್ತದೆ ಎಂಬುದು ಕೇಳುಗನ ಅದೃಷ್ಟ. ಈಗ ವೈರಿಲ್ಲದ ಇಯರ್‌ಬಡ್‌ಗಳ ಕಾಲ. ವೈರು ಚುಚ್ಚುವ ತೂತೇ ಇಲ್ಲದ ಫೋನುಗಳು, ಎಫ್‌ಎಂ ಮುಚ್ಚಿಟ್ಟ ಫೋನುಗಳು ಬಂದಿವೆ. ಎಫ್‌ಎಂ ತೆರೆದಿಡಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ಕಂಪನಿಗಳಿಗೆ ಸಲಹೆ ಕೊಟ್ಟಿತು. ಮೊದಲೇ ಬಡಕಲು ಸಿಗ್ನಲ್, ಅದನ್ನು ಹಿಡಿಯುವ ತಂತಿಯೂ ಹೋದರೆ ಏನು ಉಳಿಯಿತು?

ಆದ್ದರಿಂದ ಈ ಭಾನುವಾರ ಒಂದು ಕೆಲಸ ಮಾಡಿ. ಡ್ರಾಯರಿನ ಮೂಲೆಯಲ್ಲಿರುವ ಹಳೆಯ ವೈರಿನ ಇಯರ್‌ಫೋನ್ ಹುಡುಕಿ ಫೋನಿಗೆ ಚುಚ್ಚಿ, ಇಲ್ಲವೇ ಅಟ್ಟದ ಮೇಲಿನ ರೇಡಿಯೊ ಇಳಿಸಿ ಸೆಲ್ ಹಾಕಿ. 89ರಿಂದ 92ರವರೆಗೆ ನಿಧಾನವಾಗಿ ತಿರುಗಿಸಿ, ಆಮೇಲೆ 107ರ ಆಚೆ ಒಮ್ಮೆ ನೋಡಿ. ನಿಮ್ಮ ಪಕ್ಕದ ಊರಿನ ಯಾರೋ ಒಬ್ಬರು ಅಲ್ಲಿ ಮಾತಾಡುತ್ತಿರಬಹುದು. ಗೊರಗೊರ ಎಂದರೆ ಸ್ಟೀರಿಯೊ ಗುಂಡಿಯನ್ನು ಮೋನೊಗೆ ತಳ್ಳಿ. ಕೇಳಿಸಿದರೆ ಅವರಿಗೆ ಫೋನ್ ಮಾಡಿ ಯಾವ ಊರು, ಯಾವ ಬೀದಿ, ಎಷ್ಟು ಸ್ಪಷ್ಟ ಎಂದು ಹೇಳಿ. ಕೇಳಿಸುತ್ತಿದ್ದದ್ದು ನಿಂತರೆ ಅದನ್ನೂ ಹೇಳಿ. ತಮ್ಮ ದನಿ ಎಲ್ಲಿಯವರೆಗೆ ಹೋಗುತ್ತದೆಂದು ತಿಳಿಯಲು ಆ ಕೇಂದ್ರಗಳಿಗೆ ನಿಮಗಿಂತ ನೆಚ್ಚಿನ ಮಾಪಕ ಬೇರೆ ಇಲ್ಲ.