ಪರಮಾಣುಗಳ ಗುಂಪಿನಲ್ಲಿ ಕೇಯಾಸ್ ಹುಡುಕುವವರು

ಯಾವ ದಿನ ಮಳೆ ಬಿರುಸಾದೀತು ಎಂದು ತಿಂಗಳ ಮುಂಚೆಯೇ ಯಾರೂ ಖಚಿತವಾಗಿ ಹೇಳಲಾರರು ಎಂಬುದು ಹಾನಗಲ್ಲಿನ ಭತ್ತದ ರೈತರಿಗೂ ಹಿರೇಕೆರೂರಿನ ಗೋವಿನಜೋಳದ ರೈತರಿಗೂ ಗೊತ್ತು. ಇದರ ಕಾರಣವನ್ನು ಎಡ್ವರ್ಡ್ ಲೊರೆಂಜ್ 1963ರಲ್ಲಿ ತೋರಿಸಿಕೊಟ್ಟರು: ಆರಂಭದ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅದು ದಿನ ಕಳೆದಂತೆ ಬೆಳೆದು ಇಡೀ ಲೆಕ್ಕವನ್ನೇ ಕೆಡಿಸುತ್ತದೆ. ಇದೇ ಕೇಯಾಸ್. ಆದರೆ ಪರಮಾಣುಗಳನ್ನು ಆಳುವ ಶ್ರೋಡಿಂಜರ್ ಸಮೀಕರಣದಲ್ಲಿ ಎರಡು ಸ್ಥಿತಿಗಳ ನಡುವಿನ ಅಂತರ ಹೀಗೆ ಹಿಗ್ಗುವುದೇ ಇಲ್ಲ, ಮೊದಲು ಎಷ್ಟಿತ್ತೋ ಕೊನೆಗೂ ಅಷ್ಟೇ. ಹಾಗಾದರೆ ಅವೇ ಪರಮಾಣುಗಳಿಂದಾದ ಗಾಳಿ, ಮೋಡಗಳಿಗೆ ಕೇಯಾಸ್ ಎಲ್ಲಿಂದ ಬಂತು? ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡೋಣವೆಂದರೆ ಕಣವೊಂದು ಸೇರಿದಾಗಲೆಲ್ಲ ಲೆಕ್ಕ ಇಮ್ಮಡಿಯಾಗುತ್ತದೆ. ಎರಡೇ ಸ್ಥಿತಿಗಳ ಐವತ್ತು ಕಣಗಳಿಗೆ ಸುಮಾರು ಹನ್ನೊಂದು ಕೋಟಿ ಕೋಟಿ ಸಂಖ್ಯೆಗಳನ್ನು ನೆನಪಿಡಬೇಕು. ಆದ್ದರಿಂದಲೇ ಕ್ವಾಂಟಮ್ ಸಿಮ್ಯುಲೇಟರನ್ನು ಲೆಕ್ಕದ ಬದಲಿ ಎನ್ನದೆ, ಈ ಪ್ರಶ್ನೆಗೆಂದೇ ಒದಗಿದ ಉಪಕರಣ ಎನ್ನುವುದು ಸರಿ. ಅಲ್ಲಿ ನಿಜವಾದ ಕಣಗಳೇ ಲೆಕ್ಕವನ್ನು ನಡೆಸಿಕೊಡುತ್ತವೆ.

ಅಂಥ ಉಪಕರಣದ ಮೂಲ ಸಾಮಗ್ರಿ ಶೀತಲ ಪರಮಾಣುಗಳು. ಸಿ.ವಿ. ರಾಮನ್ 1948ರಲ್ಲಿ ಸ್ಥಾಪಿಸಿದ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಪರಮಾಣುಗಳನ್ನು ಹೀಗೆ ತಣಿಸುತ್ತಾರೆ. ನಿರ್ವಾತ ಕೋಶದ ನಡುವಿಗೆ ಆರು ದಿಕ್ಕುಗಳಿಂದ ಲೇಸರ್ ಕಿರಣಗಳು ಬಂದು ಸೇರುತ್ತವೆ. ಅಲ್ಲಿ ಸಿಕ್ಕಿಕೊಂಡ ಸೋಡಿಯಂ ಹಳದಿಯಾಗಿ ಹೊಳೆಯುವ ಪುಟ್ಟ ಉಂಡೆಯಾಗುತ್ತದೆ. ಪರಮಶೂನ್ಯಕ್ಕಿಂತ ಅದರ ಉಷ್ಣತೆ ಒಂದು ಡಿಗ್ರಿಯ ಸಾವಿರದ ಒಂದಂಶದಷ್ಟೂ ಹೆಚ್ಚಿರುವುದಿಲ್ಲ. ಇಷ್ಟು ಶಾಂತವಾದ ಕಣಗಳ ನಡುವಿನ ಸೆಳೆತವನ್ನು ಬೇಕಾದಂತೆ ಹೊಂದಿಸಬಹುದು. ಕೇಯಾಸನ್ನು ಅಳೆಯುವ ಕ್ರಮವಂತೂ ಬಹಳ ಸುಂದರ. ಕಣಗಳನ್ನು ಸ್ವಲ್ಪ ಹೊತ್ತು ಮುಂದಕ್ಕೆ ಓಡಿಸಿ, ಒಂದನ್ನು ತುಸು ತಟ್ಟಿ, ಪರಸ್ಪರ ಕ್ರಿಯೆಯ ಚಿಹ್ನೆ ಬದಲಿಸಿ ಅಷ್ಟೇ ಹೊತ್ತು ಹಿಂದಕ್ಕೆ ಓಡಿಸುತ್ತಾರೆ. ಹೊರಟ ಸ್ಥಿತಿಗೆ ಮರಳದಿದ್ದರೆ, ಆ ಒಂದು ತಟ್ಟು ಎಲ್ಲ ಕಣಗಳಿಗೂ ಹಬ್ಬಿದೆ ಎಂದರ್ಥ. ಅಮೆರಿಕದ ಬೋಲ್ಡರ್‌ನಲ್ಲಿ ನೂರಕ್ಕೂ ಹೆಚ್ಚು ಬೆರಿಲಿಯಂ ಅಯಾನುಗಳನ್ನು ಹಿಂದಕ್ಕೆ ಓಡಿಸಿ ಈ ಹರಡುವಿಕೆಯನ್ನು ಅಳೆದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು.

ಉಪಕರಣದ ದೋಷದಿಂದಲೂ ಕಣಗಳು ಮರಳದಿರಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ತಟ್ಟದೆಯೂ ಒಮ್ಮೆ ಓಡಿಸಿ ಹೋಲಿಸುವುದು ಅದಕ್ಕೊಂದು ಉತ್ತರ. ಇನ್ನೂ ಗಟ್ಟಿಯಾದ ಉತ್ತರ 2019ರಲ್ಲಿ ಬಂತು: ಮೇರಿಲ್ಯಾಂಡಿನ ತಂಡ ಎರಡು ಸ್ಥಿತಿಗಳ ಏಳು ಕಣಗಳಲ್ಲಿ, ಅಂದರೆ ಏಳು ಕ್ಯೂಬಿಟ್‌ಗಳಲ್ಲಿ, ಮಾಹಿತಿ ನಿಜಕ್ಕೂ ಹರಡಿದ್ದರೆ ಮಾತ್ರ ಯಶಸ್ವಿಯಾಗುವ ಟೆಲಿಪೋರ್ಟೇಶನ್ (ಒಂದು ಕಣದ ಸ್ಥಿತಿಯನ್ನು ಇನ್ನೊಂದಕ್ಕೆ ದಾಟಿಸುವ) ಪರೀಕ್ಷೆಯನ್ನು ನಡೆಸಿ ತೋರಿಸಿತು. ಲೆಕ್ಕದಲ್ಲೇ ಕಾಣಬಹುದಾದ್ದಕ್ಕೆ ಇಷ್ಟು ಶ್ರಮವೇಕೆ ಎನ್ನುವವರು ಹಾರ್ವರ್ಡ್‌ನ 51 ಪರಮಾಣುಗಳ ಪ್ರಯೋಗವನ್ನು ನೋಡಬೇಕು. ಬೇಗ ಕಲಸಿಹೋಗಬೇಕಿದ್ದ ಕಣಗಳು ಮತ್ತೆ ಮತ್ತೆ ಮೊದಲ ವಿನ್ಯಾಸಕ್ಕೆ ಮರಳಿ ಸಿದ್ಧಾಂತಿಗಳನ್ನೇ ಬೆರಗುಗೊಳಿಸಿದವು. ಇದೆಲ್ಲ ದೊಡ್ಡ ಲ್ಯಾಬಿನವರ ಮಾತು, ಹಾವೇರಿ ಜಿಲ್ಲೆಯ ಕಾಲೇಜಿಗೇನು ಎಂಬ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಹೆಸರಘಟ್ಟದ ಬಳಿಯ ಸೈದ್ಧಾಂತಿಕ ವಿಜ್ಞಾನಗಳ ಅಂತರರಾಷ್ಟ್ರೀಯ ಕೇಂದ್ರ ಐಸಿಟಿಎಸ್‌ನ ವಿಜ್ಞಾನಿಗಳು ಸಹಯೋಗಿಗಳೊಂದಿಗೆ 2018ರಲ್ಲಿ, ಸಾಲುಗಟ್ಟಿದ, ಪುಟ್ಟ ಅಯಸ್ಕಾಂತಗಳಂಥ ಸ್ಪಿನ್‌ಗಳಲ್ಲಿ ಚಿಕ್ಕ ಕದಲಿಕೆಯೊಂದು ನಿಶ್ಚಿತ ವೇಗದಲ್ಲಿ ಓಡುತ್ತದೆ, ಸ್ಪಿನ್ ಮಾತ್ರ ನಿಧಾನವಾಗಿ ಹರಡುತ್ತದೆ ಎಂದು ತೋರಿಸಿದರು. ಅದು ಕ್ವಾಂಟಮ್ ಅಲ್ಲದ ಮಾದರಿ. ಆ ಕೆಲಸಕ್ಕೆ ಲೇಸರ್ ಬೇಕಾಗಲಿಲ್ಲ, ಗಣಿತ ಮತ್ತು ಕಂಪ್ಯೂಟರ್ ಸಾಕಾಯಿತು. ಆ ಸಂಸ್ಥೆಯ ಉಪನ್ಯಾಸಗಳು ಯೂಟ್ಯೂಬಿನಲ್ಲಿ ಉಚಿತವಾಗಿವೆ. ಶಿಗ್ಗಾಂವಿ, ಸವಣೂರಿನ ಬಿ.ಎಸ್ಸಿ. ವಿದ್ಯಾರ್ಥಿಗಳು ಅಲ್ಲಿಂದಲೇ ಶುರುಮಾಡಬಹುದು.