ತಗಡು ತೆಳ್ಳಗಿದ್ದರೆ ಕಾರು ‘ಡಬ್ಬಿ’ಯೇ? ಹೊಸ ಕಾರುಗಳ ಬಗ್ಗೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಮಾತುಗಳಲ್ಲಿ ನಿಜವೆಷ್ಟು?

ಕಬ್ಬಿನ ಬಿಲ್ಲು ಕೈಗೆ ಬಂದ ಮೇಲೆ, ಇಲ್ಲವೇ ದಸರಾ ಹಬ್ಬಕ್ಕೆ, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಒಂದು ಮನೆಗೆ ಹೊಸ ಕಾರು ಬಂತೆನ್ನಿ. ಪೂಜೆ ಮುಗಿದು ನಿಂಬೆಹಣ್ಣಿನ ಮೇಲೆ ಗಾಲಿ ಹಾಯುವಷ್ಟರಲ್ಲಿ ಓಣಿಯವರ ಅಭಿಪ್ರಾಯಗಳೂ ಬಂದಿರುತ್ತವೆ. ಒಬ್ಬರು ಬಾನೆಟ್ ಮೇಲೆ ಬೆರಳು ಒತ್ತಿ “ಇದೇನ್ರಿ, ಬರೇ ತಗಡ ಐತಿ” ಅನ್ನುತ್ತಾರೆ. ಇನ್ನೊಬ್ಬರು “ಮೂರ ಸಿಲಿಂಡರ್ ಅಂತ, ಘಾಟ್ ಹತ್ತತೈತೇನು?” ಎಂದು ಕೇಳುತ್ತಾರೆ. ಮತ್ತೊಬ್ಬರದು ಪೆಟ್ರೋಲಿನ ಚಿಂತೆ: “ಈಗಿನ ಪೆಟ್ರೋಲಿನ್ಯಾಗ ಎಥೆನಾಲ್ ಕೂಡಸ್ಯಾರ, ಆವರೇಜ್ ಹೋತು, ಇಂಜಿನ್ನೂ ಹೋಗತೈತಿ.”

ಇವು ಬರೀ ಹರಟೆಯ ಮಾತುಗಳಲ್ಲ. ಹತ್ತು ಲಕ್ಷ ರೂಪಾಯಿ ಯಾವ ಗಾಡಿಗೆ ಹೋಗಬೇಕು, ಮಗು ಯಾವ ಸೀಟಿನಲ್ಲಿ ಕೂರಬೇಕು ಎಂಬುದನ್ನು ಬಹಳ ಮನೆಗಳಲ್ಲಿ ಇವೇ ತೀರ್ಮಾನಿಸುತ್ತವೆ. ಹಾಗಾಗಿ ಒಂದೊಂದನ್ನೇ ನೋಡೋಣ.

ಬೆರಳು ಒತ್ತಿ ನೋಡುವ ಪರೀಕ್ಷೆ

ಹಳೆಯ ಅಂಬಾಸಿಡರ್ ನೋಡಿದವರಿಗೆ ಈಗಿನ ಕಾರು ಹಗುರ ಅನ್ನಿಸುವುದು ಸಹಜ. ಆದರೆ ಬೆರಳಿಗೆ ಸಿಗುವ ಹೊರ ತಗಡಿಗೆ ಅಪಘಾತದಲ್ಲಿ ಜೀವ ಉಳಿಸುವ ಕೆಲಸ ಬಹುಮಟ್ಟಿಗೆ ಇಲ್ಲ. ಅದು ಕಾರಿನ ಅಂಗಿ ಇದ್ದಂತೆ. ಮುಕ್ಕಾಲು ಮಿಲಿಮೀಟರ್ ಆಸುಪಾಸಿನ ಈ ತಗಡು ದುಬಾರಿ ವಿದೇಶಿ ಕಾರುಗಳಲ್ಲೂ ಹೆಚ್ಚು ದಪ್ಪ ಇರುವುದಿಲ್ಲ. ಎಲುಬುಗಳಿರುವುದು ಒಳಗೆ. ಬಾಗಿಲ ಪಕ್ಕದ ಕಂಬಗಳು, ಕಾಲ ಕೆಳಗಿನ ತೊಲೆಗಳು, ಚಾವಣಿಯ ಅಂಚುಗಳು ಸಾಮಾನ್ಯ ಉಕ್ಕಿಗಿಂತ ಹಲವು ಪಟ್ಟು ಬಲವಾದ ಉಕ್ಕಿನವು. ಅವು ಬೆರಳಿಗೂ ಸಿಗುವುದಿಲ್ಲ, ಶೋರೂಮಿನಲ್ಲಿ ಕಣ್ಣಿಗೂ ಕಾಣುವುದಿಲ್ಲ.

ಇನ್ನು ಮುಂಭಾಗ ನುಜ್ಜುಗುಜ್ಜಾಗುವುದು. ಅಪಘಾತದ ಫೋಟೋ ನೋಡಿ “ನೋಡ್ರಿ, ಕಾಗದ ಆದಂಗ ಆಗೇತಿ” ಎನ್ನುತ್ತೇವೆ. ಆದರೆ ಅದು ಹಾಗೆ ಮಡಚಿಕೊಳ್ಳಲೆಂದೇ ಮಾಡಿದ ಭಾಗ. ಗಂಟೆಗೆ 64 ಕಿ.ಮೀ. ವೇಗದಲ್ಲಿರುವ ಕಾರು ಗೋಡೆಗೆ ಬಡಿದು, ಮುಂಭಾಗ ಬರೀ 10 ಸೆಂ.ಮೀ. ಕುಸಿದು ನಿಂತಿತು ಎಂದುಕೊಳ್ಳಿ. ಲೆಕ್ಕ ಹಾಕಿದರೆ ಒಳಗಿದ್ದವರಿಗೆ ಬೀಳುವ ಹೊಡೆತ ಗುರುತ್ವಾಕರ್ಷಣೆಯ ಸುಮಾರು 160 ಪಟ್ಟು. ಅದೇ ಮುಂಭಾಗ 60 ಸೆಂ.ಮೀ. ಕುಸಿದರೆ ಅದು ಸುಮಾರು 27 ಪಟ್ಟಿಗೆ ಇಳಿಯುತ್ತದೆ. ವೇಗ ಅದೇ, ನಿಲ್ಲಲು ಸಿಕ್ಕ ಜಾಗವಷ್ಟೇ ಬೇರೆ. ಮೇಲಿಂದ ಬೀಳುವವರನ್ನು ನೆಲ ಹಿಡಿಯುವುದಕ್ಕೂ ಹುಲ್ಲಿನ ಬಣವೆ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಇದೇ. ಮುಂಭಾಗ ಕುಸಿಯಬೇಕು, ಕೂತ ಭಾಗ ಕುಸಿಯಬಾರದು. ಹೊಸ ಕಾರಿನ ಸುರಕ್ಷತೆ ನಿಂತಿರುವುದು ಇದರ ಮೇಲೆ.

ಇದನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2009ರಲ್ಲಿ ಮಾಡಿಯೇ ತೋರಿಸಿತು. 1959ರ ಶೆವ್ರೊಲೆ ಬೆಲ್ ಏರ್ ಮತ್ತು 2009ರ ಶೆವ್ರೊಲೆ ಮಾಲಿಬು ಕಾರುಗಳನ್ನು 64 ಕಿ.ಮೀ. ವೇಗದಲ್ಲಿ ಎದುರುಬದುರು ಡಿಕ್ಕಿ ಹೊಡೆಸಿತು. ಹಳೆಯದು ನಮ್ಮ ಅಜ್ಜಂದಿರು ಮೆಚ್ಚುವಂಥ ಗಾಡಿ, ಉದ್ದ ಮೂತಿ, ಭಾರೀ ಕಬ್ಬಿಣ. ಡಿಕ್ಕಿಯಾದಾಗ ಅದರ ಚಾಲಕನ ಜಾಗವೇ ಕುಸಿದು ಸ್ಟೀರಿಂಗ್ ಒಳನುಗ್ಗಿತು. ಅಲ್ಲಿ ಗೊಂಬೆಯ ಬದಲು ಮನುಷ್ಯನಿದ್ದಿದ್ದರೆ ಬದುಕುತ್ತಿರಲಿಲ್ಲ. ಹೊಸ ಕಾರಿನ ಚಾಲಕನಿಗೆ ಕಾಲಿನ ಸಣ್ಣ ಗಾಯದಷ್ಟೇ ಆಗುತ್ತಿತ್ತು.

ಹಾಗಾದರೆ ತೂಕಕ್ಕೆ ಬೆಲೆಯೇ ಇಲ್ಲವೇ? ಇದೆ. ಎರಡು ವಾಹನಗಳು ಡಿಕ್ಕಿಯಾದಾಗ ಹಗುರವಾದುದಕ್ಕೆ ಹೆಚ್ಚು ಹೊಡೆತ. ಇದು ಭೌತಶಾಸ್ತ್ರ, ಯಾವ ಕಂಪನಿಯೂ ತಪ್ಪಿಸಲಾಗದು. ಆದರೆ ತೂಕ ಬೇರೆ, ಹೊರ ತಗಡಿನ ದಪ್ಪ ಬೇರೆ. ಸುಮಾರು ಒಂದು ಟನ್ ತೂಗುವ ಮಾರುತಿ ಡಿಜೈರ್ 2024ರ ನವೆಂಬರ್‌ನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ಸ್ಟಾರ್ ಪಡೆಯಿತು. ಭಾರತದ ಕಾರುಗಳನ್ನು ಅದೇ ಸಂಸ್ಥೆ 2014ರಲ್ಲಿ ಮೊದಲ ಸಲ ಪರೀಕ್ಷಿಸಿದಾಗ ಆಯ್ದ ಐದೂ ಕಾರುಗಳಿಗೆ ಸೊನ್ನೆ ಬಂದಿತ್ತು. ನಮ್ಮದೇ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಕೊಳ್ಳುವ ಕಾರಿನ ಹೆಸರು ಅದರ ಪಟ್ಟಿಯಲ್ಲಿದೆಯೇ, ಮಕ್ಕಳ ರಕ್ಷಣೆಗೆ ಎಷ್ಟು ಸ್ಟಾರ್ ಎಂದು ನೋಡುವುದಕ್ಕೆ ಐದು ನಿಮಿಷ ಸಾಕು. ಬೆರಳು ಒತ್ತುವುದಕ್ಕಿಂತ ಅದು ಮೇಲು.

ಕಬ್ಬಿನ ಟ್ರೇಲರ್ ಮುಂದೆ ಸ್ಟಾರ್‌ಗಳ ಮಿತಿ

ಇಲ್ಲಿ ನಮ್ಮ ಭಾಗಕ್ಕೇ ಸಂಬಂಧಿಸಿದ ಮಾತೊಂದಿದೆ, ಯಾವ ಕಾರಿನ ಜಾಹೀರಾತಿನಲ್ಲೂ ಬರುವುದಿಲ್ಲ. ಈ ಪರೀಕ್ಷೆಗಳಲ್ಲಿ ಕಾರನ್ನು 64 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಬಡಿಸುತ್ತಾರೆ. ತಡೆಗೋಡೆ ನಿಂತಿರುವುದು ಬಂಪರಿನ ಎತ್ತರದಲ್ಲಿ, ಹಾಗಾಗಿ ಮುಂಭಾಗದ ತೊಲೆಗಳು ಹೊಡೆತ ತಿನ್ನುತ್ತವೆ. ಆದರೆ ಹಂಗಾಮಿನಲ್ಲಿ ಸಂಕೇಶ್ವರದ ಹಿರಣ್ಯಕೇಶಿ, ಬೆಲ್ಲದ ಬಾಗೇವಾಡಿಯ ವಿಶ್ವರಾಜ್, ಹುಣಶ್ಯಾಳದ ಸತೀಶ್ ಶುಗರ್ಸ್ ಕಾರ್ಖಾನೆಗಳತ್ತ ಹೊರಟ ಜೋಡಿ ಟ್ರೇಲರ್‌ಗಳ ಹಿಂಬದಿ ಹಾಗಿರುವುದಿಲ್ಲ. ಟ್ರೇಲರಿನ ತಳ ಬಾನೆಟ್ಟಿನ ಎತ್ತರಕ್ಕೆ ಬರುತ್ತದೆ, ಕಬ್ಬು ಅದರಾಚೆಗೂ ಚಾಚಿರುತ್ತದೆ. ಹಿಂದಿನಿಂದ ಬಡಿದ ಕಾರು ಟ್ರೇಲರಿನ ಕೆಳಗೆ ತೂರಿಕೊಳ್ಳುತ್ತದೆ. ಆಗ ಕುಸಿಯಬೇಕಾದ ಭಾಗ ಕುಸಿಯುವುದೇ ಇಲ್ಲ, ಮೊದಲ ಹೊಡೆತವೇ ಮುಂದಿನ ಗಾಜಿಗೆ. ಐದು ಸ್ಟಾರಿನ ಕಾರೂ ಅಲ್ಲಿ ಹೆಚ್ಚೇನೂ ಮಾಡಲಾರದು.

ಆದ್ದರಿಂದ ಇಲ್ಲಿ ಲೆಕ್ಕಕ್ಕೆ ಬರುವುದು ನಿಲ್ಲುವ ದೂರ. ಗಂಟೆಗೆ 80 ಕಿ.ಮೀ. ವೇಗದಲ್ಲಿ, ಅಡ್ಡಿ ಕಂಡು ಬ್ರೇಕ್ ತುಳಿಯುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿದರೆ, ಕಾರು ನಿಲ್ಲುವಷ್ಟರಲ್ಲಿ ಸುಮಾರು 70 ಮೀಟರ್ ಸಾಗಿರುತ್ತದೆ. ಹೆಡ್‌ಲೈಟ್ ಡಿಮ್‌ನಲ್ಲಿದ್ದಾಗ, ಕೆಂಪು ದೀಪವೂ ಪ್ರತಿಫಲಕವೂ ಇಲ್ಲದ ಕಬ್ಬಿನ ರಾಶಿ ಕಾಣುವುದು ಸುಮಾರು 50 ಮೀಟರಿನಲ್ಲಿ, ಎದುರಿನಿಂದ ಲಾರಿ ಬಂದರೆ ಇನ್ನೂ ಹತ್ತಿರದಲ್ಲಿ. 60 ಕಿ.ಮೀ. ವೇಗದಲ್ಲಾದರೆ 45 ಮೀಟರಿಗೆ ನಿಲ್ಲಬಹುದು. 20 ಕಿ.ಮೀ.ಯ ವ್ಯತ್ಯಾಸ ಇಷ್ಟು ದೊಡ್ಡದು. ತಾನಾಗಿಯೇ ಬ್ರೇಕ್ ಹಾಕುವ ಸೌಲಭ್ಯವಿರುವ ಕಾರು ಕೊಂಡವರೂ ಅದರ ಕೈಪಿಡಿ ಓದಿ ನೋಡಿ. ಕತ್ತಲೆ, ಮಂಜು, ವಿಚಿತ್ರ ಆಕಾರದ ವಾಹನಗಳ ಮುಂದೆ ಅದನ್ನು ನಂಬಿ ಕೂರಬೇಡಿ ಎಂದು ಕಂಪನಿಗಳೇ ಬರೆದಿರುತ್ತವೆ. ನಮ್ಮನ್ನು ಕೇಳಿದರೆ, ದೊಡ್ಡ ಪರದೆಗೆ ಕೊಡುವ ಹೆಚ್ಚುವರಿ ದುಡ್ಡನ್ನು ಒಳ್ಳೆಯ ಹೆಡ್‌ಲೈಟ್ ಇರುವ ಮಾದರಿಗೆ ಕೊಡುವುದು ವಾಸಿ.

ಇನ್ನು ನಾವೇ ಹಣ ಕೊಟ್ಟು ಕೆಡಿಸಿಕೊಳ್ಳುವ ವಿಷಯಗಳಿವೆ. ಶೋರೂಮಿನಿಂದ ನೇರವಾಗಿ ಅಂಗಡಿಗೆ ಒಯ್ದು ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವುದು ಅವುಗಳಲ್ಲಿ ಮೊದಲನೆಯದು. ಅದು ಹೊಡೆತವನ್ನು ನೇರ ಚಾಸಿಗೆ ದಾಟಿಸುತ್ತದೆ, ಏರ್‌ಬ್ಯಾಗ್ ಸರಿಯಾದ ಕ್ಷಣಕ್ಕೆ ತೆರೆಯದಂತೆ ಮಾಡಬಲ್ಲದು, ಎದುರಿಗೆ ಸಿಕ್ಕ ಪಾದಚಾರಿಗೆ ಪ್ರಾಣಾಪಾಯ. ಇದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಉಲ್ಲಂಘನೆ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಎರಡನೆಯದು, ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ದಪ್ಪ ರೆಕ್ಸಿನ್ ಕವರ್ ಹೊಲಿಸುವುದು.

ಮೂರನೆಯದು ಮಡಿಲ ಮೇಲಿನ ಮಗು. ಮೇಲಿನ 27 ಪಟ್ಟಿನ ಲೆಕ್ಕವನ್ನೇ ತೆಗೆದುಕೊಳ್ಳಿ. 10 ಕೆ.ಜಿ.ಯ ಕೂಸು ಆ ಕ್ಷಣದಲ್ಲಿ 270 ಕೆ.ಜಿ. ಭಾರದಂತೆ ಮುಂದಕ್ಕೆ ಜಗ್ಗುತ್ತದೆ. ಯಾವ ತಾಯಿಯ ಕೈಯೂ ಅದನ್ನು ಹಿಡಿಯಲಾರದು. ಹಿಂದಿನ ಸೀಟಿನ ಬೆಲ್ಟ್ ಮಾತೂ ಇದೇ. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ತೀರಿಕೊಂಡಾಗ ಕೂತಿದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲ. ಆ ಪಾಲ್ಘರ್ ಬಳಿಯ ರಸ್ತೆಯೂ ಸಂಕೇಶ್ವರ, ಹತ್ತರಗಿ ಮೂಲಕ ಹಾಯುವ ನಮ್ಮ ರಸ್ತೆಯೂ ಒಂದೇ ರಾಷ್ಟ್ರೀಯ ಹೆದ್ದಾರಿ 48.

ಸಣ್ಣ ಇಂಜಿನ್, ಕತ್ತರಿಸಿದ ಡಿಕ್ಕಿ

“ಸಿಸಿ ಕಡಿಮೆ ಆದರೆ ಜೋರು ಕಡಿಮೆ” ಎಂಬ ಮಾತು ಟರ್ಬೊ ಬರುವ ಮುಂಚೆ ಸರಿಯಿತ್ತು. ಹ್ಯುಂಡೈ ವೆನ್ಯೂ ಉದಾಹರಣೆ ನೋಡಿ. ಅದರ 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್ನಿನ ಎಳೆಯುವ ಬಲ ಸುಮಾರು 114 ನ್ಯೂಟನ್ ಮೀಟರ್, ಅದೂ 4,000 ಆರ್‌ಪಿಎಂ ಮುಟ್ಟಿದ ಮೇಲೆ. 1 ಲೀಟರಿನ ಮೂರು ಸಿಲಿಂಡರ್ ಟರ್ಬೊ 172 ನ್ಯೂಟನ್ ಮೀಟರ್ ಕೊಡುತ್ತದೆ, 1,500 ಆರ್‌ಪಿಎಂನಿಂದಲೇ. ಟರ್ಬೊ ಹೊರಹೋಗುವ ಹೊಗೆಯಿಂದಲೇ ಚಕ್ರ ತಿರುಗಿಸಿ ಒಳಗೆ ಹೆಚ್ಚು ಗಾಳಿ ತುಂಬುತ್ತದೆ, ಹಾಗಾಗಿ ಅಷ್ಟೇ ಜಾಗದಲ್ಲಿ ಹೆಚ್ಚು ಪೆಟ್ರೋಲ್ ಉರಿಯುತ್ತದೆ. ಐದು ಜನ ಕೂತು ಘಾಟ್ ಹತ್ತುವಾಗ ಇದು ಗೊತ್ತಾಗುತ್ತದೆ. ನಿಂತಾಗ ತುಸು ನಡುಕ ಹೆಚ್ಚು, ಆಯಿಲ್ ವಿಷಯದಲ್ಲಿ ಕಂಜೂಸಿತನ ನಡೆಯುವುದಿಲ್ಲ, ಇವು ನಿಜ.

ಡಿಕ್ಕಿ ಮೊಟಕಾಗಿ ಕಾಣುವ ಕಾರುಗಳ ಅಂದದ ಬಗ್ಗೆಯೂ ದೂರುಗಳಿವೆ. ಅದರ ಹಿಂದೆ ಕಲೆಗಾರನಿಗಿಂತ ತೆರಿಗೆಯವರ ಕೈ ದೊಡ್ಡದು. ನಾಲ್ಕು ಮೀಟರಿನೊಳಗಿನ ಸಣ್ಣ ಕಾರಿಗೆ 2006ರಿಂದಲೇ ತೆರಿಗೆ ಕಡಿಮೆ. 2012ರಲ್ಲಿ ಡಿಜೈರ್ ಹಿಂಭಾಗ ಮೊಟಕಾಗಿದ್ದು ಇದಕ್ಕೇ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಮತ್ತು 1,200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ 18% ಜಿಎಸ್‌ಟಿ, ಅದನ್ನು ಮೀರಿದರೆ 40%. ಅಂದ ನಿಮಗೆ ಬಿಟ್ಟದ್ದು.

ನಮ್ಮದೇ ಕಬ್ಬು, ನಮ್ಮದೇ ಟ್ಯಾಂಕು

ಎಥೆನಾಲ್ ಬೈಯುವವರೂ ಕಬ್ಬು ಬೆಳೆಯುವವರೂ ಇಲ್ಲಿ ಎಷ್ಟೋ ಸಲ ಒಂದೇ ಮನೆಯವರು. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರದಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಧರಣಿ ಕೂತ ರೈತರ ವಾದದಲ್ಲಿ ಎಥೆನಾಲಿನ ಆದಾಯದ ಮಾತೂ ಇತ್ತು. ಅತ್ತ 20% ಎಥೆನಾಲ್ ಬೆರೆಸಿದ ಪೆಟ್ರೋಲ್, ಅಂದರೆ ಇ20, 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಗಿ 2025ರ ಹೊತ್ತಿಗೆ ಬಹುತೇಕ ಎಲ್ಲ ಬಂಕುಗಳಿಗೂ ಬಂತು.

ಆವರೇಜ್ ಕಡಿಮೆಯಾಗುವುದು ನಿಜ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥೆನಾಲಿನಲ್ಲಿ ಸುಮಾರು 21. ಅಪ್ಪಟ ಪೆಟ್ರೋಲಿಗೆ ಹೋಲಿಸಿದರೆ ಇ20ಯಲ್ಲಿ ಶಕ್ತಿ ಸುಮಾರು 7% ಕಡಿಮೆ, ಮೊದಲಿದ್ದ ಇ10ಕ್ಕೆ ಹೋಲಿಸಿದರೆ ಸುಮಾರು ಮೂರೂವರೆ ಪ್ರತಿಶತ. ನೀತಿ ಆಯೋಗದ 2021ರ ವರದಿಯೂ ಅಪ್ಪಟ ಪೆಟ್ರೋಲಿಗೆ ತಯಾರಾದ ಕಾರುಗಳಲ್ಲಿ 6ರಿಂದ 7% ಇಳಿಕೆ ಆಗುತ್ತದೆ ಎಂದೇ ಹೇಳಿತ್ತು, ಇ20ಗೆ ಹೊಂದಿಸಿದ ಕಾರುಗಳಲ್ಲಿ 1ರಿಂದ 2%. ಇ10ದಲ್ಲಿ 18 ಕೊಡುತ್ತಿದ್ದ ಕಾರು ಹದಿನೇಳೂವರೆಗೆ ಇಳಿದರೆ ಅದು ಎಥೆನಾಲಿನ ಪಾಲು. 18 ಇದ್ದದ್ದು 14ಕ್ಕೆ ಬಂದರೆ ಗಾಲಿಯ ಗಾಳಿ, ಏರ್ ಫಿಲ್ಟರ್, ಹಿಡಿದುಕೊಂಡ ಬ್ರೇಕ್ ಇವನ್ನೂ ನೋಡಿಸಬೇಕು. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿ. ಮೀಟರಿನ ಪರದೆ ತೋರಿಸುವ ಅಂಕಿ ಅಂದಾಜು ಮಾತ್ರ.

“ಪೆಟ್ರೋಲಿನಲ್ಲಿ ಸಕ್ಕರೆ ಇರುತ್ತದೆ, ಇಂಜಿನ್ ಕಟ್ಟುತ್ತದೆ” ಎಂಬುದಂತೂ ಸುಳ್ಳು. ಹುದುಗಿದಾಗ ಸಕ್ಕರೆ ಆಲ್ಕೋಹಾಲ್ ಆಗಿ ಬದಲಾಗುತ್ತದೆ, ಅದನ್ನು ಭಟ್ಟಿ ಇಳಿಸಿದ ಮೇಲೆ ಸಕ್ಕರೆ ಉಳಿಯುವುದಿಲ್ಲ. ಈಗಂತೂ ದೇಶದ ಎಥೆನಾಲಿನಲ್ಲಿ ಕಬ್ಬಿಗಿಂತ ಮೆಕ್ಕೆಜೋಳ, ಅಕ್ಕಿಯ ಪಾಲೇ ಹೆಚ್ಚು.

ಹಾನಿಯ ಪ್ರಶ್ನೆ ಬೇರೆ, ಅದರಲ್ಲಿ ಹುರುಳಿದೆ. ಎಥೆನಾಲ್ ಕೆಲವು ಬಗೆಯ ರಬ್ಬರ್ ಪೈಪು, ಸೀಲುಗಳನ್ನು ಊದಿಸಿ ಒಣಗಿಸುತ್ತದೆ. ಗಾಳಿಯ ತೇವವನ್ನೂ ಹೀರುತ್ತದೆ. ನೀರು ಮಿತಿ ಮೀರಿದರೆ ಎಥೆನಾಲ್ ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ವಾರಕ್ಕೊಮ್ಮೆ ಪೆಟ್ರೋಲ್ ಹಾಕಿಸುವ ಗಾಡಿಗೆ ಇದರ ಭಯ ಕಡಿಮೆ. ಮಳೆಗಾಲವೆಲ್ಲ ಅಂಗಳದಲ್ಲಿ ನಿಂತ, ಮುಚ್ಚಳ ಸಡಿಲಾದ ಹಳೆಯ ಬೈಕಿಗೆ ಹೆಚ್ಚು. ಮುಖ್ಯ ಗೆರೆ 2023ರ ಏಪ್ರಿಲ್. ಅದರ ನಂತರ ತಯಾರಾದ ಕಾರುಗಳ ಪೈಪು, ಸೀಲುಗಳು ಇ20 ತಡೆಯುವಂಥವು. ಹಿಂದಿನ ಗಾಡಿ ಇದ್ದರೆ ಸರ್ವಿಸಿಗೆ ಬಿಟ್ಟಾಗ ಇಂಧನದ ಪೈಪು, ಗ್ಯಾಸ್ಕೆಟ್ ನೋಡಿ ಎಂದು ಬಾಯಿಬಿಟ್ಟು ಹೇಳಿ, ಪೆಟ್ರೋಲ್ ವಾಸನೆ ಬಂದರೆ ತಡಮಾಡಬೇಡಿ. ಹಳೆಯ ಕಾರು ಕೊಳ್ಳುವವರು ಹೊರ ತಗಡು ಒತ್ತುವ ಬದಲು ಟ್ಯಾಂಕಿನ ಮುಚ್ಚಳ ತೆರೆದು ನೋಡಲಿ. ಬಹಳ ಹೊಸ ಕಾರುಗಳಲ್ಲಿ ಅಲ್ಲೇ ಇ20 ಎಂದು ಅಂಟಿಸಿರುತ್ತಾರೆ. ಇಲ್ಲದಿದ್ದರೆ ಕೈಪಿಡಿಯ ಇಂಧನದ ಪುಟದಲ್ಲಿ ಬರೆದಿರುತ್ತದೆ.